ದಿಢೀರ್ ಏದುಸಿರು, ಹಿಂದೆ ಅಡಗಿದ ಕ್ಯಾನ್ಸರ್: ಕಾರಣ ಸಿಗುವವರೆಗೂ ಬಿಡದೆ ಹುಡುಕುವುದು ಹೇಗೆ

ಚೆನ್ನಾಗಿ ಓಡಾಡಿಕೊಂಡಿದ್ದವರಿಗೆ ಒಂದೇ ವಾರದಲ್ಲಿ ಮೆಟ್ಟಿಲು ಹತ್ತಲಾಗದಷ್ಟು ಏದುಸಿರು ಶುರುವಾಗುತ್ತದೆ. ಆಸ್ಪತ್ರೆಗೆ ಹೋದರೆ ಎದೆಯಲ್ಲಿ ನೀರು ತುಂಬಿದೆ ಎನ್ನುತ್ತಾರೆ. ಇಲ್ಲವೇ ನ್ಯುಮೋನಿಯಾ ಎನ್ನುತ್ತಾರೆ, ಇಲ್ಲವೇ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಎನ್ನುತ್ತಾರೆ. ಚಿಕಿತ್ಸೆ ಆಗುತ್ತದೆ, ಉಸಿರು ಸರಿಹೋಗುತ್ತದೆ, ಮನೆಗೆ ಕಳಿಸುತ್ತಾರೆ. ಬಹುತೇಕರಿಗೆ ಅದು ಅಲ್ಲಿಗೇ ಮುಗಿಯುತ್ತದೆ. ಆದರೆ ಕೆಲವರಲ್ಲಿ ಆ ನೀರು, ಆ ಹೆಪ್ಪು, ಆ ನ್ಯುಮೋನಿಯಾ ಬಂದಿದ್ದೇ ಒಳಗೆಲ್ಲೋ ಅಡಗಿದ್ದ ಕ್ಯಾನ್ಸರ್‌ನಿಂದ. ಅದು ಶ್ವಾಸಕೋಶದ್ದೇ ಇರಬೇಕು ಅಂತಿಲ್ಲ. ಸ್ತನ, ಅಂಡಾಶಯ, ಜಠರ, ಮೇದೋಜೀರಕ, ವೃಷಣ, ರಕ್ತ, ಎಲ್ಲಿಯದಾದರೂ ಇರಬಹುದು, ಮತ್ತು ಅಲ್ಲಿ ಅಲ್ಲಿಯವರೆಗೆ ಒಂದು ನೋವೂ ಇರದೇ ಹೋಗಿರಬಹುದು.

ಮೊದಲೇ ಹೇಳಿಬಿಡುತ್ತೇನೆ: ಏದುಸಿರು ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಸೋಂಕು, ಆಸ್ತಮಾ, ಹೃದಯದ ತೊಂದರೆ, ರಕ್ತ ಕಮ್ಮಿ ಇರುವುದು, ಇವೇ ಜಾಸ್ತಿ. ಹಾಗಾಗಿ ಇದನ್ನು ಓದಿ ಗಾಬರಿ ಬೀಳಬೇಡಿ. ನನ್ನ ಕಳಕಳಿ ಇರುವುದು ಒಂದೇ ಜಾಗದ ಬಗ್ಗೆ. ಉಸಿರು ಸರಿಹೋದ ತಕ್ಷಣ ರೋಗಿಯೂ ಮನೆಯವರೂ, ಎಷ್ಟೋ ಸಲ ಡಾಕ್ಟರೂ, "ಇದು ಯಾಕೆ ಬಂತು" ಅನ್ನೋ ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ. ಎರಡು ಮೂರು ತಿಂಗಳು ಅಲ್ಲೇ ಕಳೆದುಹೋಗುತ್ತದೆ. ಆ ತಿಂಗಳುಗಳನ್ನು ಕಳೆದುಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಉಸಿರು, ಕಾರಣ ಆಮೇಲೆ

ಕೆಲವು ಸ್ಥಿತಿಗಳಲ್ಲಿ ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು. ಸುಮ್ನೆ ಕೂತಿದ್ದರೂ ಏದುಸಿರು, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿರುವುದು, ತುಟಿ ನೀಲಿಗಟ್ಟುವುದು, ತಲೆ ತಿರುಗಿ ಬೀಳುವುದು, ಕೆಮ್ಮಿದಾಗ ರಕ್ತ ಬರುವುದು, ಒಂದೇ ಕಾಲು ಊದಿಕೊಂಡು ಜೊತೆಗೆ ಎದೆನೋವು ಅಥವಾ ಏದುಸಿರು, ಮುಖ ಮತ್ತು ಕತ್ತು ಊದಿಕೊಳ್ಳುವುದು, ಉಸಿರು ಒಳಗೆ ಎಳೆದಾಗ ಗೊರಗೊರ ಸದ್ದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ನೋಡಿ, 92ಕ್ಕಿಂತ ಕಡಿಮೆ ಬಂದರೆ ಕಾಯಬೇಡಿ. ಬಹಳ ವರ್ಷಗಳಿಂದ ಸಿಗರೇಟಿನಿಂದ ಶ್ವಾಸಕೋಶ ಹಾಳಾಗಿರುವ ಕೆಲವರಿಗೆ 88ರಿಂದ 92 ಮಾಮೂಲಿ ಆಗಿರಬಹುದು, ಅವರು ತಮ್ಮ ಮಾಮೂಲಿ ಸಂಖ್ಯೆ ಎಷ್ಟು ಅಂತ ಮೊದಲೇ ತಿಳಿದಿಟ್ಟುಕೊಳ್ಳಬೇಕು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಸಂಖ್ಯೆ ತಪ್ಪು ಬರಬಹುದು. ಚರ್ಮದ ಬಣ್ಣ ಕಪ್ಪಾಗಿರುವವರಲ್ಲಿ ಅದು ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಅದಕ್ಕೇ ಉಸಿರನ್ನೂ ಎಣಿಸಿ. ಆರಾಮವಾಗಿ ಕೂತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 25 ದಾಟಿದರೆ ಆಕ್ಸಿಮೀಟರ್ ಏನೇ ಹೇಳಲಿ, ಏನೋ ಸರಿಯಿಲ್ಲ.

ಕರೆದುಕೊಂಡು ಹೋಗುವಾಗ ಮಲಗಿಸಬೇಡಿ. ಕೂರಿಸಿ, ಮುಂದಕ್ಕೆ ಸ್ವಲ್ಪ ಬಾಗಿ ಏನಾದರೂ ಒರಗಿಕೊಳ್ಳಲು ಬಿಡಿ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು, ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ. ಮೊದಲು ಯಾವತ್ತೂ ಉಬ್ಬಸ ಇಲ್ಲದ ಹುಡುಗನಿಗೆ ಒಮ್ಮೆಲೇ ಕೆಮ್ಮು, ಉಬ್ಬಸ ಬಂದು, ಮಲಗಿದರೆ ಜಾಸ್ತಿಯಾಗಿ, ಕೂತರೆ ಕಮ್ಮಿಯಾಗುತ್ತಿದ್ದರೆ, ಜೊತೆಗೆ ಕತ್ತಿನಲ್ಲಿ ಗಂಟುಗಳಿದ್ದರೆ, ಎದೆಯ ಎಕ್ಸ್‌ರೇ ತೆಗೆಯುವ ಮೊದಲು ಸ್ಟೀರಾಯ್ಡ್ ಮಾತ್ರೆ ಅಥವಾ ಸಿರಪ್ ಕೊಡಬಾರದು. ಎದೆಯ ಮಧ್ಯದಲ್ಲಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಮತ್ತು ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಹೀಗೇ ತೋರಿಸಿಕೊಳ್ಳುತ್ತವೆ. ಸ್ಟೀರಾಯ್ಡ್ ಕೊಟ್ಟರೆ ಗಡ್ಡೆ ತಾತ್ಕಾಲಿಕವಾಗಿ ಕುಗ್ಗುತ್ತದೆ, ಮಗು ಚೆನ್ನಾಗಾದ ಹಾಗೆ ಕಾಣುತ್ತದೆ. ಆಮೇಲೆ ಬಯಾಪ್ಸಿ (ತುಣುಕು ತೆಗೆದು ಪರೀಕ್ಷಿಸುವುದು) ಮಾಡಿದರೂ ಯಾವ ಕ್ಯಾನ್ಸರ್ ಅಂತ ಗೊತ್ತಾಗದೇ ಹೋಗಬಹುದು, ಮತ್ತು ಜೀವಕೋಶಗಳು ಒಮ್ಮೆಲೇ ಒಡೆದು ಕಿಡ್ನಿಗೆ ಪೆಟ್ಟು ಬೀಳಬಹುದು. ಇಂಥ ಮಗುವಿಗೆ ಮಲಗಿಸಿ ಅರಿವಳಿಕೆ ಕೊಡುವುದೂ ಅಪಾಯ. "ಮಲಗಿದರೆ ಉಸಿರು ಕಟ್ಟುತ್ತದೆ" ಅನ್ನುವ ಮಾತನ್ನು ನೀವಾಗಿಯೇ ಡಾಕ್ಟರಿಗೆ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ.

ಎದೆಯಲ್ಲಿ ನೀರು ತುಂಬಿದಾಗ

ಅಡಗಿದ ಕ್ಯಾನ್ಸರ್ ಉಸಿರಿನ ಮೂಲಕ ಬಯಲಾಗುವ ದಾರಿಗಳಲ್ಲಿ ಇದು ತುಂಬಾ ಸಾಮಾನ್ಯ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಶ್ವಾಸಕೋಶದ ಸುತ್ತ ಎರಡು ಪದರಗಳಿವೆ, ಅವುಗಳ ನಡುವೆ ನೀರು ಸೇರುತ್ತದೆ. ಎದೆಯ ಎರಡೂ ಕಡೆ ಸೇರಿ, ಕಾಲೂ ಊದಿದ್ದರೆ ಹೃದಯ, ಕಿಡ್ನಿ, ಲಿವರ್ ಕಡೆ ನೋಡುತ್ತಾರೆ. ಒಂದೇ ಕಡೆ ಸೇರಿದ್ದು, ಜ್ವರವೂ ಇಲ್ಲ, ಆದರೂ ಒಂದು ಒಂದೂವರೆ ಲೀಟರ್ ಇದೆ ಅಂದರೆ ಕ್ಯಾನ್ಸರ್ ಇದೆಯಾ ಅಂತ ನೋಡಲೇಬೇಕು. ಇಂಥ ನೀರಿಗೆ ಶ್ವಾಸಕೋಶ ಮತ್ತು ಸ್ತನದ ಕ್ಯಾನ್ಸರ್ ಹೆಚ್ಚು ಕಾರಣ, ಆಮೇಲೆ ಲಿಂಫೋಮಾ, ಅಂಡಾಶಯ. ಹತ್ತು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ "ಪೂರ್ತಿ ಗುಣವಾಗಿದೆ" ಅನ್ನಿಸಿಕೊಂಡವರಲ್ಲೂ ಅದು ಮತ್ತೆ ಕಾಣಿಸಿಕೊಳ್ಳುವ ಮೊದಲ ರೂಪ ಇದೇ ಆಗಿರಬಹುದು, ಆದ್ದರಿಂದ ಎಷ್ಟೇ ಹಳೆಯದಾದರೂ ಅದನ್ನು ಡಾಕ್ಟರಿಗೆ ಹೇಳಿ. ಆಸ್ಬೆಸ್ಟಾಸ್ ಶೀಟ್, ಹಡಗು ಒಡೆಯುವ ಕೆಲಸ, ಬಾಯ್ಲರ್ ಕೆಲಸ ಮಾಡಿದ್ದರೆ ಅದನ್ನೂ ಹೇಳಿ. ಅದರಿಂದ ಬರುವ ಮೀಸೋಥೀಲಿಯೋಮಾ, ಅಂದರೆ ಶ್ವಾಸಕೋಶದ ಸುತ್ತಲಿನ ಪದರದ ಕ್ಯಾನ್ಸರ್, 20ರಿಂದ 40 ವರ್ಷ ಬಿಟ್ಟು ತಲೆ ಎತ್ತುತ್ತದೆ.

ಸೂಜಿ ಹಾಕಿ ನೀರು ತೆಗೆಯುತ್ತಾರೆ. ಸಾಮಾನ್ಯವಾಗಿ ಒಂದೇ ಸಲಕ್ಕೆ ಒಂದೂವರೆ ಲೀಟರ್ ದಾಟಿಸುವುದಿಲ್ಲ, ಅದಕ್ಕಿಂತ ಜಾಸ್ತಿ ಒಮ್ಮೆಲೇ ತೆಗೆದರೆ ಶ್ವಾಸಕೋಶ ಬೇಗ ಹಿಗ್ಗಿ ಅದರೊಳಗೇ ನೀರಾಗುವ ಅಪಾಯ ಇದೆ. ಹೀಗಾಗಿ "ಪೂರ್ತಿ ಯಾಕೆ ತೆಗೆಯಲಿಲ್ಲ" ಅಂತ ಬೇಸರ ಮಾಡಿಕೊಳ್ಳಬೇಡಿ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ತೆಗೆದ ನೀರು ಲ್ಯಾಬಿಗೆ ಹೋಯಿತಾ, ಯಾವ ಯಾವ ಪರೀಕ್ಷೆಗೆ ಹೋಯಿತು?

ಪ್ರೋಟೀನ್ ಮತ್ತು ಎಲ್‌ಡಿಎಚ್ ಎಂಬ ಕಿಣ್ವ ನೋಡುತ್ತಾರೆ, ಅದೇ ದಿನದ ರಕ್ತದ ಜೊತೆ ಹೋಲಿಸುತ್ತಾರೆ. ನೀರಿನ ಪ್ರೋಟೀನ್ ರಕ್ತದ ಪ್ರೋಟೀನಿನ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಅಥವಾ ಎಲ್‌ಡಿಎಚ್ ರಕ್ತದಲ್ಲಿರುವುದರ 0.6 ಪಟ್ಟಿಗಿಂತ ಜಾಸ್ತಿ ಇದ್ದರೆ, ಆ ಪದರದಲ್ಲೇ ಏನೋ ಕಾಯಿಲೆ ಇದೆ ಎಂದು ತಿಳಿಯುತ್ತಾರೆ. 1972ರಿಂದ ಬಳಕೆಯಲ್ಲಿರುವ ಈ ಲೆಕ್ಕಕ್ಕೆ ರಿಚರ್ಡ್ ಲೈಟ್ ಎಂಬ ವೈದ್ಯರ ಹೆಸರಿದೆ. ಆಮೇಲೆ ಸೋಂಕಿಗೆ ರೋಗಾಣು ಬೆಳೆಸಿ ನೋಡುವ ಕಲ್ಚರ್, ಟಿಬಿಗೆ ಎಡಿಎ ಎಂಬ ಕಿಣ್ವದ ಪರೀಕ್ಷೆ, ಕ್ಯಾನ್ಸರ್ ಜೀವಕೋಶಕ್ಕೆ ಸೂಕ್ಷ್ಮದರ್ಶಕದಲ್ಲಿ ನೋಡುವ ಸೈಟಾಲಜಿ. ಸೈಟಾಲಜಿಗೆ ಒಂದು ಚಿಕ್ಕ ಟ್ಯೂಬಿನಷ್ಟು ಸಾಲದು, 50 ಮಿಲಿಲೀಟರ್ ಅಥವಾ ಸ್ವಲ್ಪ ಜಾಸ್ತಿ ಕಳಿಸುವುದು ಒಳ್ಳೆಯದು, ಮತ್ತು "ಸೆಲ್ ಬ್ಲಾಕ್" ಮಾಡಲು ಹೇಳಿ. ಜೀವಕೋಶಗಳನ್ನು ಒಟ್ಟುಗೂಡಿಸಿ ಮೇಣದಲ್ಲಿ ಹಿಡಿದಿಟ್ಟರೆ ಮುಂದೆ ವಿಶೇಷ ಬಣ್ಣ ಹಾಕಿ ಇದು ಸ್ತನದ್ದಾ, ಶ್ವಾಸಕೋಶದ್ದಾ, ಅಂಡಾಶಯದ್ದಾ ಎಂದು ನೋಡಬಹುದು.

ಈಗ ಮುಖ್ಯವಾದ ಮಾತು. ನಿಜವಾಗಿಯೂ ಕ್ಯಾನ್ಸರ್ ನೀರೇ ಆಗಿದ್ದರೂ ಸೈಟಾಲಜಿ ಹಿಡಿಯುವುದು ಸುಮಾರು ನೂರಕ್ಕೆ ಅರವತ್ತು ಜನರಲ್ಲಿ ಮಾತ್ರ. "ಕ್ಯಾನ್ಸರ್ ಜೀವಕೋಶ ಕಂಡುಬಂದಿಲ್ಲ" ಅಂತ ರಿಪೋರ್ಟ್ ಬಂದರೆ ಅದು ಒಳ್ಳೆಯ ಸುದ್ದಿಯ ಅರ್ಧ ಭಾಗ ಅಷ್ಟೇ. ನೀರು ಎರಡು ವಾರದಲ್ಲಿ ಮತ್ತೆ ತುಂಬಿದರೆ, ಬೇರೆ ಕಾರಣವೂ ಸಿಗದಿದ್ದರೆ, ಪದರದ ಬಯಾಪ್ಸಿ ಬೇಕು. ಎದೆಗೆ ಚಿಕ್ಕ ತೂತು ಮಾಡಿ ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡಿ ತುಣುಕು ತೆಗೆಯುವ ಥೊರಾಕೋಸ್ಕೋಪಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಉತ್ತರ ಕೊಡುತ್ತದೆ. ಸುಮ್ನೆ ನೀರು ತೆಗೆಯುವುದನ್ನೇ ನಾಲ್ಕೈದು ಸಲ ಮಾಡುವುದಕ್ಕಿಂತ ಇದನ್ನು ಬೇಗ ಕೇಳಿ.

ಟಿಬಿ ಜಾಸ್ತಿ ಇರುವ ಕಡೆಗಳಲ್ಲಿ ಇನ್ನೊಂದು ತೊಡಕು. ಟಿಬಿ ನೀರಿನಲ್ಲೂ ಕ್ಯಾನ್ಸರ್ ನೀರಿನಲ್ಲೂ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೇ ಜಾಸ್ತಿ ಇರುತ್ತವೆ. ಎಡಿಎ 40ಕ್ಕಿಂತ ಮೇಲಿದ್ದರೆ ಟಿಬಿ ಅನ್ನುವುದು ರೂಢಿ, ಆದರೆ ಲಿಂಫೋಮಾದಲ್ಲೂ ಕೀವಿನಲ್ಲೂ ಅದು ಏರುತ್ತದೆ. ಚಿಕ್ಕ ವಯಸ್ಸು, ಜ್ವರ, ಎಡಿಎ ಜಾಸ್ತಿ, ಇವೆಲ್ಲ ಕೂಡಿದ್ದರೆ ಟಿಬಿ ಎಂದು ಚಿಕಿತ್ಸೆ ಶುರುಮಾಡುವುದು ಸರಿಯೇ. ಅರವತ್ತು ದಾಟಿದವರಿಗೆ, ಎಡಿಎ ಕಡಿಮೆ ಇದ್ದು, ಟಿಬಿ ರೋಗಾಣು ಎಲ್ಲೂ ಸಿಗದೇ "ನೋಡೋಣ" ಅಂತ ಆರು ತಿಂಗಳ ಟಿಬಿ ಮಾತ್ರೆ ಶುರುಮಾಡಿದರೆ ನನಗೆ ಭಯವಾಗುತ್ತದೆ. ಶುರುಮಾಡಲೇಬೇಕಾಗಿ ಬಂದಿದ್ದರೂ ಆರೆಂಟು ವಾರದಲ್ಲಿ ಜ್ವರ, ತೂಕ, ಎಕ್ಸ್‌ರೇ ಯಾವುದೂ ಸುಧಾರಿಸಿಲ್ಲ ಅಂದರೆ ಆರು ತಿಂಗಳು ಮುಗಿಯಲಿ ಅಂತ ಕಾಯಬೇಡಿ.

ಹೆಂಗಸರಲ್ಲಿ ಎದೆಯ ನೀರಿನ ಜೊತೆ ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೆ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ ಇದ್ದರೆ ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಿಸಲೇಬೇಕು. ಅಲ್ಲಿ ಗಡ್ಡೆ ಸಿಕ್ಕರೂ ಎದೆಗುಂದಬೇಡಿ. ಅಂಡಾಶಯದ ಕ್ಯಾನ್ಸರ್ ಅಲ್ಲದ ಒಂದು ಸಾಧು ಗಡ್ಡೆಯೂ ಹೊಟ್ಟೆಯಲ್ಲಿ ಮತ್ತು ಎದೆಯಲ್ಲಿ ನೀರು ತರಿಸುತ್ತದೆ, ಮೀಗ್ಸ್ ಸಿಂಡ್ರೋಮ್ ಅನ್ನುತ್ತಾರೆ. ಗಡ್ಡೆ ತೆಗೆದರೆ ನೀರು ತಾನೇ ಹೋಗುತ್ತದೆ. ನೀರು ಇದೆ, ಗಡ್ಡೆ ಇದೆ ಅಂದ ಮಾತ್ರಕ್ಕೆ ಹರಡಿದ ಕ್ಯಾನ್ಸರ್ ಅಂತ ತೀರ್ಮಾನ ಮಾಡಿಬಿಟ್ಟವರನ್ನು ಬಯಾಪ್ಸಿ ಕೇಳದೆ ನಂಬಬೇಡಿ.

ಶ್ವಾಸಕೋಶದಲ್ಲಿ ಹೆಪ್ಪು

ಕಾಲಿನ ಒಳರಕ್ತನಾಳದಲ್ಲಿ ಹೆಪ್ಪುಗಟ್ಟಿ, ಅದು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ದಿಢೀರ್ ಏದುಸಿರು, ಉಸಿರೆಳೆದಾಗ ಚುಚ್ಚುವ ನೋವು, ನಾಡಿ ವೇಗ. ಎಕ್ಸ್‌ರೇ ಮಾಮೂಲಿಯಾಗಿಯೇ ಇರಬಹುದು. ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಂ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಹೆಪ್ಪಿಗೂ ಕ್ಯಾನ್ಸರ್‌ಗೂ ನಂಟಿದೆ ಎಂದು 1865ರಲ್ಲೇ ಫ್ರೆಂಚ್ ವೈದ್ಯ ಆರ್ಮಾಂ ಟ್ರೂಸೋ ಹೇಳಿದ್ದರು. ಮೇದೋಜೀರಕ, ಜಠರ, ಶ್ವಾಸಕೋಶ, ಅಂಡಾಶಯ, ಮೆದುಳಿನ ಕ್ಯಾನ್ಸರ್‌ಗಳಲ್ಲಿ ರಕ್ತ ಜಾಸ್ತಿ ಹೆಪ್ಪುಗಟ್ಟುತ್ತದೆ.

ಹೆಪ್ಪಿಗೆ ಕಣ್ಣಿಗೆ ಕಾಣುವ ಕಾರಣ ಇದೆಯಾ ನೋಡಿ. ಇತ್ತೀಚಿನ ಆಪರೇಷನ್, ಕಾಲು ಮುರಿದು ಮಲಗಿದ್ದು, ಬಹಳ ಹೊತ್ತಿನ ಪ್ರಯಾಣ, ಹೆರಿಗೆ, ಗರ್ಭನಿರೋಧಕ ಮಾತ್ರೆ, ಮನೆಯಲ್ಲಿ ಬೇರೆಯವರಿಗೂ ಹೆಪ್ಪು. ಇದ್ದರೆ ಕ್ಯಾನ್ಸರ್ ಸಾಧ್ಯತೆ ಬಹಳ ಕಡಿಮೆ. ಏನೂ ಕಾರಣವಿಲ್ಲದೆ ಬಂದರೆ ಮಾತ್ರ ಯೋಚಿಸಬೇಕು, ಅದರಲ್ಲೂ ನೂರಕ್ಕೆ ನಾಲ್ಕೈದು ಜನರಿಗಷ್ಟೇ ಮುಂದಿನ ಒಂದು ವರ್ಷದಲ್ಲಿ ಕ್ಯಾನ್ಸರ್ ಸಿಗುತ್ತದೆ.

ಹಾಗಾದರೆ ತಲೆಯಿಂದ ಕಾಲಿನವರೆಗೆ ಸ್ಕ್ಯಾನ್ ಮಾಡಿಸಿಬಿಡೋಣವಾ? ಬೇಡ. ಕೆನಡಾದಲ್ಲಿ 854 ಜನರ ಮೇಲೆ ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಮಾಮೂಲಿ ತಪಾಸಣೆಯ ಜೊತೆ ಹೊಟ್ಟೆಯ ಪೂರ್ತಿ ಸಿಟಿ ಸೇರಿಸಿದರೂ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಬೇಕಾಗಿರುವುದು ಚೆನ್ನಾದ ದೈಹಿಕ ಪರೀಕ್ಷೆ, ಸಿಬಿಸಿ (ರಕ್ತಕಣಗಳ ಎಣಿಕೆ), ಕ್ಯಾಲ್ಸಿಯಂ, ಲಿವರ್ ಮತ್ತು ಕಿಡ್ನಿ ಪರೀಕ್ಷೆ, ಎದೆಯ ಚಿತ್ರ, ಮತ್ತು ವಯಸ್ಸಿಗೆ ತಕ್ಕಂತೆ ಮಾಡಿಸಬೇಕಿದ್ದು ಬಾಕಿ ಉಳಿದ ಸ್ತನ, ಗರ್ಭಕಂಠ, ಕರುಳಿನ ತಪಾಸಣೆ. ತೂಕ ಇಳಿದಿದ್ದರೆ, ರಕ್ತ ಕಮ್ಮಿ ಇದ್ದರೆ, ಹೊಟ್ಟೆ ಅಥವಾ ಬೆನ್ನು ನೋವಿದ್ದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಒಂದು ದಿನವೂ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದರೂ ಮತ್ತೆ ಹೆಪ್ಪುಗಟ್ಟಿದರೆ, ಆಗ ಆ ಸುಳಿವು ಹಿಡಿದು ಮುಂದೆ ಹೋಗಬೇಕು. ಅಂದಹಾಗೆ, ಈ ಮಾತ್ರೆ ಶುರುವಾದ ಮೇಲೆ ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ "ಮಾತ್ರೆಯಿಂದ" ಅಂತ ಸುಮ್ಮನಾಗಬೇಡಿ. ಒಳಗಿದ್ದ ಕರುಳಿನ ಅಥವಾ ಮೂತ್ರಕೋಶದ ಗಡ್ಡೆ ಆ ಮಾತ್ರೆಯಿಂದಾಗಿಯೇ ಬೇಗ ಬಯಲಾಗಿರಬಹುದು.

ವಾಸಿಯಾಗದ ನ್ಯುಮೋನಿಯಾ, ಆಸ್ತಮಾ ಅಲ್ಲದ ಉಬ್ಬಸ

ನ್ಯುಮೋನಿಯಾದಲ್ಲಿ ಜ್ವರ ಕೆಲವೇ ದಿನದಲ್ಲಿ ಇಳಿಯುತ್ತದೆ. ಎಕ್ಸ್‌ರೇಯಲ್ಲಿನ ಬಿಳಿ ಕಲೆ ಹೋಗಲು ವಾರಗಟ್ಟಲೆ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಅದಕ್ಕೇ ಐವತ್ತು ದಾಟಿದವರು, ಸಿಗರೇಟ್ ಬೀಡಿ ಸೇದುವವರು, ಕೆಮ್ಮು ನಿಲ್ಲದವರು ಸುಮಾರು ಆರು ವಾರಕ್ಕೆ ಮತ್ತೊಂದು ಎಕ್ಸ್‌ರೇ ತೆಗೆಸಬೇಕು. ಚೆನ್ನಾಗಿದ್ದೀನಲ್ಲ, ಯಾಕೆ ಅಂತ ಬಿಡುವ ಪರೀಕ್ಷೆ ಇದು. ಕಲೆ ಹಾಗೇ ಇದ್ದರೆ, ಅಥವಾ ಅದೇ ಜಾಗದಲ್ಲಿ ಎರಡನೇ ಸಲ ನ್ಯುಮೋನಿಯಾ ಬಂದರೆ, ಶ್ವಾಸನಾಳದೊಳಗೆ ಗಡ್ಡೆ ಅಡ್ಡಲಾಗಿ ಕೂತು ಅದರ ಹಿಂದೆ ಕಫ ಕೊಳೆಯುತ್ತಿರಬಹುದು. ಆಗ ಸಿಟಿ, ಮತ್ತು ಶ್ವಾಸನಾಳದೊಳಗೆ ಕ್ಯಾಮೆರಾ ಇಳಿಸಿ ನೋಡುವ ಬ್ರಾಂಕೋಸ್ಕೋಪಿ ಬೇಕು. ಶ್ವಾಸಕೋಶದ ಕ್ಯಾನ್ಸರ್‌ನ ಒಂದು ಬಗೆಯಂತೂ ನೋಡಲು ಥೇಟ್ ನ್ಯುಮೋನಿಯಾದ ಹಾಗೇ ಇರುತ್ತದೆ, ಗಡ್ಡೆಯೇ ಕಾಣುವುದಿಲ್ಲ, ಲೋಟಗಟ್ಟಲೆ ನೀರಿನಂಥ ಕಫ ಬರುತ್ತದೆ, ಆಂಟಿಬಯಾಟಿಕ್ ಬದಲಿಸುತ್ತಾ ಹೋದರೂ ಏನೂ ಆಗುವುದಿಲ್ಲ.

ಇನ್ನು ಉಬ್ಬಸ. ಆಸ್ತಮಾದಲ್ಲಿ ಎರಡೂ ಕಡೆ ಸದ್ದು, ಉಸಿರು ಬಿಡುವಾಗ ಜಾಸ್ತಿ, ದಿನದಿಂದ ದಿನಕ್ಕೆ ಹೆಚ್ಚು ಕಡಿಮೆ, ಇನ್ಹೇಲರ್‌ಗೆ ಬಗ್ಗುತ್ತದೆ. ನಲವತ್ತು ಐವತ್ತರಲ್ಲಿ ಮೊದಲ ಸಲ "ಆಸ್ತಮಾ" ಬಂದು, ಒಂದೇ ಕಡೆ ಸದ್ದು, ಇನ್ಹೇಲರ್ ಸರಿಯಾಗಿ ತೆಗೆದುಕೊಂಡರೂ ಬಗ್ಗುತ್ತಿಲ್ಲ ಅಂದರೆ ಆ ಹೆಸರನ್ನೇ ಒಮ್ಮೆ ಅನುಮಾನಿಸಿ. ಕಾರ್ಸಿನಾಯ್ಡ್ ಎಂಬ ನಿಧಾನವಾಗಿ ಬೆಳೆಯುವ ಗಡ್ಡೆ ಸಿಗರೇಟ್ ಮುಟ್ಟದವರಲ್ಲೂ ಬರುತ್ತದೆ, ವರ್ಷಗಟ್ಟಲೆ ಆಸ್ತಮಾ ಹೆಸರಲ್ಲಿ ಮುಚ್ಚಿಹೋಗುತ್ತದೆ, ಹೆಚ್ಚಿನವರಿಗೆ ಆಪರೇಷನ್ನಿನಿಂದ ಗುಣವಾಗುತ್ತದೆ. ಕತ್ತಿನ ಬಳಿಯ ದೊಡ್ಡ ಶ್ವಾಸನಾಳವನ್ನು ಗಡ್ಡೆ ಅಥವಾ ಥೈರಾಯ್ಡ್ ಒತ್ತುತ್ತಿದ್ದರೆ ಉಸಿರು ಒಳಗೆ ಎಳೆಯುವಾಗ ಸದ್ದು ಬರುತ್ತದೆ. ಶ್ವಾಸಕೋಶದ ಊದುವ ಪರೀಕ್ಷೆ ಮಾಡಿದರೆ ಅದರ ಗ್ರಾಫ್ ಚಪ್ಪಟೆಯಾಗಿ ಬರುತ್ತದೆ, ಗ್ರಾಫ್ ನೋಡದೆ ಸಂಖ್ಯೆ ಮಾತ್ರ ನೋಡಿದರೆ ತಪ್ಪಿಹೋಗುತ್ತದೆ.

ಎಕ್ಸ್‌ರೇ ಚೆನ್ನಾಗಿದ್ದರೂ

ಎಕ್ಸ್‌ರೇ ಮಾಮೂಲಿ ಅಂದರೆ ಕ್ಯಾನ್ಸರ್ ಇಲ್ಲ ಅಂತಲ್ಲ. ಶ್ವಾಸಕೋಶದ ಕ್ಯಾನ್ಸರ್ ಇರುವವರಲ್ಲೇ ಸುಮಾರು ಐದರಲ್ಲಿ ಒಬ್ಬರಿಗೆ ಅದು ಕಾಣದೇ ಹೋಗಬಹುದು. ಹೃದಯದ ಹಿಂದೆ, ಕೊರಳೆಲುಬಿನ ಹಿಂದೆ, ವಪೆಯ ಹಿಂದೆ ಅಡಗಿರುತ್ತದೆ. ಒಣಕೆಮ್ಮು, ವಾರದಿಂದ ವಾರಕ್ಕೆ ಏರುವ ಏದುಸಿರು ಇದ್ದು ಎಕ್ಸ್‌ರೇ ಸರಿಯಿದ್ದರೆ, ತೆಳು ಪದರದ ಸಿಟಿ ಕೇಳಿ. ಸ್ತನ, ಜಠರ, ಶ್ವಾಸಕೋಶದ ಕ್ಯಾನ್ಸರ್ ಕೆಲವೊಮ್ಮೆ ಶ್ವಾಸಕೋಶದ ಸಣ್ಣ ದುಗ್ಧರಸನಾಳಗಳಲ್ಲಿ (ಲಿಂಫ್ ಹರಿಯುವ ನಾಳಗಳಲ್ಲಿ) ಬಲೆಯ ಹಾಗೆ ಹರಡುತ್ತದೆ, ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಇರುವುದಿಲ್ಲ, ಹೃದಯದ ತೊಂದರೆ ಅಂತ ನೀರಿನ ಮಾತ್ರೆ ಕೊಡುತ್ತಾರೆ.

ಹೃದಯದ ಚೀಲದಲ್ಲಿ ನೀರು ಸೇರಿದರೂ ಹೀಗೇ. ಶ್ವಾಸಕೋಶ ಶುದ್ಧ, ಏದುಸಿರು ವಿಪರೀತ, ಬಿಪಿ ಕಡಿಮೆ, ಎಕ್ಸ್‌ರೇಯಲ್ಲಿ ಹೃದಯ ಮಾತ್ರ ದುಂಡಗೆ ದೊಡ್ಡದು. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿದರೆ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಅಲ್ಲಿಂದ ತೆಗೆದ ನೀರೂ ಸೈಟಾಲಜಿಗೆ ಹೋಗಲೇಬೇಕು. ಬೆಳಗ್ಗೆ ಎದ್ದಾಗ ಮುಖ ಊತ, ಅಂಗಿಯ ಕಾಲರ್ ಬಿಗಿ, ಬಗ್ಗಿದರೆ ತಲೆ ಸಿಡಿತ, ಎದೆಯ ಮೇಲೆ ಉಬ್ಬಿದ ನರಗಳು, ಇವಿದ್ದರೆ ಎದೆಯ ಮಧ್ಯದಲ್ಲಿ ಏನೋ ದೊಡ್ಡ ರಕ್ತನಾಳವನ್ನು ಒತ್ತುತ್ತಿದೆ, ಅಲರ್ಜಿ ಮಾತ್ರೆ ಇದಕ್ಕೆ ಮದ್ದಲ್ಲ.

ಸಿಬಿಸಿ ಸಣ್ಣ ಪರೀಕ್ಷೆ, ಆದರೆ ಇದನ್ನು ಬಿಡಬೇಡಿ. ಹಿಮೋಗ್ಲೋಬಿನ್ ಇಳಿದೂ ಏದುಸಿರು ಬರುತ್ತದೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶ ಕಡಿಮೆಯಾಗಿದ್ದರೆ ಕರುಳಿನಲ್ಲೋ ಜಠರದಲ್ಲೋ ಸದ್ದಿಲ್ಲದೆ ರಕ್ತ ಸೋರುತ್ತಿದೆಯಾ ಎಂದು ನೋಡದೆ ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ತಪ್ಪು. ಬಿಳಿ ರಕ್ತಕಣ ವಿಪರೀತ ಏರಿದ್ದರೆ ಅದು ರಕ್ತದ ಕ್ಯಾನ್ಸರ್ ಆಗಿರಬಹುದು, ಆ ಕಣಗಳೇ ಶ್ವಾಸಕೋಶದ ಸಣ್ಣ ರಕ್ತನಾಳಗಳನ್ನು ಕಟ್ಟಿ ಉಸಿರು ಕಟ್ಟಿಸುತ್ತವೆ. ಅದು ಗಂಟೆಗಳ ಲೆಕ್ಕದ ತುರ್ತು.

ಡಾಕ್ಟರ ಮುಂದೆ ಕೂರುವ ಮೊದಲು

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಏದುಸಿರು ಶುರುವಾಗಿದ್ದು ಯಾವಾಗ, ಮೂರು ತಿಂಗಳ ಹಿಂದೆ ಏನು ಮಾಡಬಲ್ಲವರಾಗಿದ್ದಿರಿ, ಈಗ ಏನು ಆಗುತ್ತಿಲ್ಲ. ತೂಕ ಎಷ್ಟು ಇಳಿದಿದೆ. ಪ್ರಯತ್ನಿಸದೆ ಆರು ತಿಂಗಳಿಂದ ಒಂದು ವರ್ಷದಲ್ಲಿ ನೂರಕ್ಕೆ ಐದರಷ್ಟು ಇಳಿದಿದ್ದರೆ, ಅಂದರೆ 60 ಕಿಲೋದವರು 3 ಕಿಲೋ, ಅದು ಹೇಳಬೇಕಾದ ವಿಷಯ. ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಮೂರು ವಾರ ದಾಟಿದ ದನಿ ಒಡಕು, ನುಂಗಲು ಕಷ್ಟ, ಮಲದ ಬಣ್ಣ, ಹಳೆಯ ಆಪರೇಷನ್ನುಗಳು, ತೆಗೆಸಿದ ಮಚ್ಚೆಗಳೂ ಸೇರಿ.

ಆಮೇಲೆ ಮೈಯನ್ನು ನೀವೇ ನೋಡಿಕೊಳ್ಳಿ. ಕತ್ತು, ಕೊರಳೆಲುಬಿನ ಮೇಲಿನ ಗುಳಿ, ಕಂಕುಳು, ತೊಡೆಸಂದು, ಸ್ತನ, ಗಂಡಸರಾದರೆ ವೃಷಣ ಮತ್ತು ಸ್ತನ ಎರಡೂ. ನಾಚಿಕೆಯಿಂದ ಎಷ್ಟು ಜನ ಇದನ್ನು ಮುಚ್ಚಿಡುತ್ತಾರೆ ಅಂದರೆ, ನೋಡಿದರೆ ಸಂಕಟವಾಗುತ್ತದೆ. ಎರಡೂ ತೋರುಬೆರಳ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಯಿರಿ, ಉಗುರಿನ ಬುಡದಲ್ಲಿ ವಜ್ರದ ಆಕಾರದ ಚಿಕ್ಕ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿಹೋಗಿ, ಬೆರಳ ತುದಿ ಇತ್ತೀಚೆಗೆ ದಪ್ಪಗಾಗಿದ್ದರೆ ಹೇಳಿ. ಅದು ಕ್ಯಾನ್ಸರ್‌ನಲ್ಲಷ್ಟೇ ಬರುವುದಿಲ್ಲ, ಆದರೆ ಎದೆಯ ಸ್ಕ್ಯಾನ್ ಮಾಡಿಸಲು ಸಾಕಷ್ಟು ಕಾರಣ.

ಚಿಕ್ಕ ವಯಸ್ಸಿನವರು

ಇಪ್ಪತ್ತೈದರ ಹುಡುಗನಿಗೆ ಏದುಸಿರು, ಎಕ್ಸ್‌ರೇಯಲ್ಲಿ ಚೆಂಡಿನಂಥ ಹಲವು ಗಂಟುಗಳು. ನೋಡಿದವರು "ಕೊನೆ ಹಂತ" ಅಂದುಬಿಡುತ್ತಾರೆ. ತಡೆಯಿರಿ. ವೃಷಣದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ ಮೇಲೂ ಕೀಮೋದಿಂದ ಗುಣವಾಗುವ ಕ್ಯಾನ್ಸರ್. ವೃಷಣದ ಸ್ಕ್ಯಾನ್, ರಕ್ತದಲ್ಲಿ ಈ ಕ್ಯಾನ್ಸರ್‌ನ ಸುಳಿವು ಕೊಡುವ ಎಎಫ್‌ಪಿ ಮತ್ತು ಎಚ್‌ಸಿಜಿ ಪರೀಕ್ಷೆ ಅಂದೇ ಆಗಬೇಕು. ವೃಷಣದ ಗಡ್ಡೆಗೆ ಸೂಜಿ ಚುಚ್ಚಿ ಬಯಾಪ್ಸಿ ಮಾಡುವುದಿಲ್ಲ ಎಂಬುದೂ ನೆನಪಿರಲಿ, ಆಪರೇಷನ್ ಮಾಡಿಯೇ ತೆಗೆಯುತ್ತಾರೆ.

ಹೆರಿಗೆ, ಗರ್ಭಪಾತ ಅಥವಾ ಮುತ್ತಿನ ಗರ್ಭ (ಮೋಲಾರ್ ಪ್ರೆಗ್ನೆನ್ಸಿ, ಮಗುವಿನ ಬದಲು ಗುಳ್ಳೆಗಳ ಗೊಂಚಲು ಬೆಳೆಯುವುದು) ಆಗಿ ಕೆಲವು ತಿಂಗಳಾದ ಹೆಣ್ಣಿಗೆ ಏದುಸಿರು, ಕೆಮ್ಮಿದರೆ ರಕ್ತ, ಮುಟ್ಟು ಏರುಪೇರು ಇದ್ದರೆ ಎಚ್‌ಸಿಜಿ ಪರೀಕ್ಷೆ ಮಾಡಿಸಿ. ಮಾಸಿನ ಜೀವಕೋಶಗಳಿಂದ ಹುಟ್ಟುವ ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಬೇಗ ಹರಡುತ್ತದೆ, ಅಷ್ಟೇ ಚೆನ್ನಾಗಿ ಕೀಮೋಗೆ ಬಗ್ಗುತ್ತದೆ. ಅದರ ಗಂಟುಗಳು ವಿಪರೀತ ರಕ್ತ ಸುರಿಸುವುದರಿಂದ ಸೂಜಿ ಹಾಕುವ ಮೊದಲು ಈ ಒಂದು ಸಣ್ಣ ರಕ್ತಪರೀಕ್ಷೆ ಆಗಿರಬೇಕು.

ತುಣುಕು ತೆಗೆಯುವ ಮಾತು

ಸಿಟಿಯಲ್ಲಿ ಗಡ್ಡೆ ಕಂಡರೆ ಮುಂದಿನ ಪ್ರಶ್ನೆ ಎಲ್ಲಿಂದ ತುಣುಕು ತೆಗೆಯುವುದು. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ತುಂಬಾ ಜನರಲ್ಲಿದೆ. ಸೂಜಿಯ ದಾರಿಯಲ್ಲಿ ಜೀವಕೋಶ ಉಳಿಯುವುದು ಬಹಳ ಅಪರೂಪ, ಮೀಸೋಥೀಲಿಯೋಮಾದಂಥ ಕೆಲವು ಕಡೆ ಆ ಎಚ್ಚರಿಕೆ ಇದ್ದೇ ಇದೆ. ಬಯಾಪ್ಸಿ ಬೇಡ ಅಂದು ತಿಂಗಳು ಕಳೆಯುವುದರಿಂದ ಆಗುವ ಹಾನಿಯೇ ದೊಡ್ಡದು. ಕತ್ತಿನಲ್ಲಿ ಗಂಟು ಸಿಕ್ಕಿದ್ದರೆ ಎದೆಯೊಳಗೆ ಹೋಗುವ ಮೊದಲು ಅಲ್ಲಿಂದಲೇ ತೆಗೆಯಬಹುದಾ ಕೇಳಿ, ಸುಲಭ, ಮತ್ತು ಕಾಯಿಲೆ ಎಷ್ಟು ದೂರ ಹೋಗಿದೆ ಎನ್ನುವುದೂ ಅದೇ ಏಟಿಗೆ ತಿಳಿಯುತ್ತದೆ. ಲಿಂಫೋಮಾ ಅನುಮಾನ ಇದ್ದರೆ ಸಣ್ಣ ಸೂಜಿಯ ಎಫ್‌ಎನ್‌ಎಸಿ ಸಾಲದು, ಪೂರ್ತಿ ಗಂಟು ಅಥವಾ ದಪ್ಪ ಸೂಜಿಯ ತುಣುಕು ಬೇಕು.

ಟ್ಯೂಮರ್ ಮಾರ್ಕರ್ (ಕ್ಯಾನ್ಸರ್ ಸುಳಿವು ಹುಡುಕುವ ರಕ್ತಪರೀಕ್ಷೆ) ಪಟ್ಟಿ ಮಾಡಿಸಿ ಅದನ್ನೇ ಉತ್ತರ ಅಂದುಕೊಳ್ಳಬೇಡಿ. ಅಂಡಾಶಯದ ಕ್ಯಾನ್ಸರ್‌ಗೆ ನೋಡುವ ಸಿಎ-125 ಎದೆಯಲ್ಲಿ ಹೊಟ್ಟೆಯಲ್ಲಿ ಯಾವ ನೀರಿದ್ದರೂ ಏರುತ್ತದೆ, ಟಿಬಿಯಲ್ಲೂ ಹೃದಯದ ತೊಂದರೆಯಲ್ಲೂ. ಮೇಲೆ ಹೇಳಿದ ಎಎಫ್‌ಪಿ, ಎಚ್‌ಸಿಜಿ ಮಾತು ಬೇರೆ.

ಶ್ವಾಸಕೋಶದ ಕ್ಯಾನ್ಸರ್ ಅಂತಾದರೆ ಇಜಿಎಫ್‌ಆರ್, ಎಎಲ್‌ಕೆ ಮುಂತಾದ ಜೀನ್ ಪರೀಕ್ಷೆಗೆ ತುಣುಕು ಉಳಿದಿದೆಯಾ ಕೇಳಿ. ಸಿಗರೇಟ್ ಸೇದದವರಲ್ಲಿ ಈ ಬದಲಾವಣೆಗಳು ಜಾಸ್ತಿ ಸಿಗುತ್ತವೆ, ಸಿಕ್ಕರೆ ಮಾತ್ರೆಯಲ್ಲೇ ಚಿಕಿತ್ಸೆ ಸಾಧ್ಯ, ಕೆಲವರಿಗೆ ವಾರಗಳಲ್ಲೇ ಉಸಿರು ಹಗುರಾಗುತ್ತದೆ. "ಹರಡಿದೆ, ಇನ್ನೇನು" ಅಂತ ಮನೆಗೆ ಕರೆದುಕೊಂಡು ಹೋಗುವ ಮೊದಲು ಈ ರಿಪೋರ್ಟ್ ಬರಲಿ.

ಡಿಸ್ಚಾರ್ಜ್ ದಿನ

ಸೈಟಾಲಜಿ ರಿಪೋರ್ಟ್ ಬರಲು ದಿನಗಳು ಹಿಡಿಯುತ್ತವೆ, ಟಿಬಿ ಕಲ್ಚರ್‌ಗೆ ವಾರಗಟ್ಟಲೆ. ಅಷ್ಟರಲ್ಲಿ ಡಿಸ್ಚಾರ್ಜ್ ಆಗಿರುತ್ತದೆ. ರಿಪೋರ್ಟ್ ಬಂದು ಕಂಪ್ಯೂಟರಿನಲ್ಲೇ ಕೂತಿರುತ್ತದೆ, ಯಾರೂ ನೋಡಿರುವುದಿಲ್ಲ. ಹೊರಡುವ ಮುನ್ನ ಕೇಳಿ: ಯಾವ ರಿಪೋರ್ಟ್ ಬಾಕಿ ಇದೆ, ಯಾವ ದಿನ ಬರುತ್ತದೆ, ಯಾರು ನೋಡುತ್ತಾರೆ, ನಾನು ಯಾವ ನಂಬರಿಗೆ ಕರೆ ಮಾಡಲಿ? ಡಿಸ್ಚಾರ್ಜ್ ಸಮ್ಮರಿಯಲ್ಲಿ ನೀರು, ಹೆಪ್ಪು, ನ್ಯುಮೋನಿಯಾ ಅಂತ ಬರೆದಿರುವುದರ ಮುಂದೆ ಕಾರಣ ಏನೆಂದು ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ "ಕಾರಣ ಗೊತ್ತಾಗಿದೆಯಾ, ಇಲ್ಲದಿದ್ದರೆ ಮುಂದೆ ಏನು ಮಾಡಬೇಕು" ಅಂತ ಗೌರವದಿಂದಲೇ, ಆದರೆ ಉತ್ತರ ಸಿಗುವವರೆಗೂ ಕೇಳಿ. ಸಿಟಿಯ ಸಿಡಿ, ಸ್ಲೈಡ್, ಮೇಣದ ಬ್ಲಾಕ್ ಬೇಕಾದಾಗ ಸಿಗುತ್ತದಾ ವಿಚಾರಿಸಿಕೊಳ್ಳಿ, ಬೇರೆ ಕಡೆ ಎರಡನೇ ಅಭಿಪ್ರಾಯಕ್ಕೆ ಹೋದರೆ ಮತ್ತೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.

ಎಲ್ಲ ಪರೀಕ್ಷೆ ಸರಿ ಬಂದು, ಬೇರೆ ಕಾರಣವೂ ಸಿಕ್ಕು, ಆರು ವಾರದ ಎಕ್ಸ್‌ರೇ ಶುದ್ಧವಾಗಿದ್ದರೆ ಹುಡುಕುವುದನ್ನು ನಿಲ್ಲಿಸಿ. ಪ್ರತಿ ತಿಂಗಳು ಸ್ಕ್ಯಾನ್ ಮಾಡಿಸುತ್ತಾ ಹೋದರೆ ಏನೂ ಅಲ್ಲದ ಸಣ್ಣ ಚುಕ್ಕೆಗಳು ಸಿಕ್ಕಿ ಬೇಡದ ಬಯಾಪ್ಸಿಗಳಾಗುತ್ತವೆ.

ಕ್ಯಾನ್ಸರ್ ಅಂತಲೇ ಆದರೆ, ಅದರ ಚಿಕಿತ್ಸೆ ಶುರುವಾಗುವವರೆಗೆ ಉಸಿರಿನ ಕಷ್ಟವನ್ನು ಸಹಿಸಿಕೊಂಡಿರಬೇಕಿಲ್ಲ. ಮತ್ತೆ ಮತ್ತೆ ತುಂಬುವ ನೀರಿಗೆ ಎದೆಯಲ್ಲೇ ಉಳಿಯುವ ಮೆತ್ತನೆಯ ಕೊಳವೆ ಹಾಕಿಸಿಕೊಂಡು ಮನೆಯಲ್ಲೇ ತೆಗೆಯಬಹುದು, ಇಲ್ಲವೇ ಟಾಲ್ಕ್ ಪುಡಿ ಹಾಕಿ ಎರಡೂ ಪದರಗಳನ್ನು ಅಂಟಿಸುತ್ತಾರೆ. ಒತ್ತಿಹೋದ ರಕ್ತನಾಳಕ್ಕೆ, ಶ್ವಾಸನಾಳಕ್ಕೆ ಸ್ಟೆಂಟ್ ಇದೆ. ಇದೆಲ್ಲ ಆದ ಮೇಲೂ ಏದುಸಿರು ಉಳಿದರೆ ಡಾಕ್ಟರ ನಿಗಾದಲ್ಲಿ ಕಡಿಮೆ ಪ್ರಮಾಣದ ಮಾರ್ಫಿನ್ ಕೊಡಬಹುದು. ಮುಖಕ್ಕೆ ತಣ್ಣನೆ ಗಾಳಿ ಬೀಸುವ ಸಣ್ಣ ಕೈ ಫ್ಯಾನ್ ಕೂಡ ಉಸಿರುಗಟ್ಟುವ ಭಾವನೆಯನ್ನು ಕಮ್ಮಿ ಮಾಡುತ್ತದೆ. ನೋವು ಮತ್ತು ಉಪಶಮನ ನೋಡುವ ವೈದ್ಯರನ್ನು ಕೊನೆಗೆ ಕರೆಯುವುದಲ್ಲ, ಮೊದಲ ವಾರದಲ್ಲೇ ಭೇಟಿ ಮಾಡಿ.